ಬೇಸಗೆಯ ವಿಜ್ಞಾನ ಶಿಬಿರಗಳೂ ಅಂತರ್ಜಾಲದ ಬೋಧನೋಪಕರಣಗಳೂ: ಒಂದು ವಿಮರ್ಶೆ

ವಿದ್ಯಾಭ್ಯಾಸದ ಕ್ಷೇತ್ರದಲ್ಲಿ ಹೊಸ ಉಪಕರಣವೊಂದು ಬಳಕೆಗೆ ಬಂದಾಗಲೆಲ್ಲ ಅದನ್ನು ಕುರಿತು ಎರಡು ಬಗೆಯ ಮಾತುಗಳು ಹುಟ್ಟುವುದು ವಾಡಿಕೆ. ಒಂದು ಪಕ್ಷದವರು ಅದರಿಂದ ಸಕಲ ನ್ಯೂನತೆಗಳೂ ನೀಗುವುವೆಂದು ಹೇಳುತ್ತಾರೆ. ಇನ್ನೊಂದು ಪಕ್ಷದವರು ಅದರಿಂದ ವಿದ್ಯೆಯೇ ಕೆಡುವುದೆಂದು ಹೇಳುತ್ತಾರೆ. ಎರಡರಲ್ಲಿಯೂ ಉಪಕರಣವನ್ನು ಹೊಗಳುವ ಅಥವಾ ತೆಗಳುವ ಉತ್ಸಾಹವೇ ಅಧಿಕ. ವಿದ್ಯಾರ್ಥಿಯು ಮಾಡಬೇಕಾದ ಕೆಲಸದಲ್ಲಿ ಯಾವ ಭಾಗವನ್ನು ಅದು ತನ್ನ ಮೇಲೆ ಹಾಕಿಕೊಳ್ಳುತ್ತದೆ, ಯಾವ ಭಾಗವನ್ನು ಅವನಿಗೆ ಬಿಡುತ್ತದೆ ಎಂಬ ವಿಚಾರಣೆ ಬಹು ಕಡಮೆ. ಈ ಲೇಖನದಲ್ಲಿ ನಾವು ಆ ವಿಚಾರಣೆಯನ್ನು ಒಂದು ಸೀಮಿತ ಕ್ಷೇತ್ರದಲ್ಲಿ ನಡೆಸಬೇಕೆಂದಿದ್ದೇವೆ. ಹದಿಹರೆಯದ ವಿದ್ಯಾರ್ಥಿಗಳಿಗಾಗಿ ಬೇಸಗೆಯ ಬಿಡುವಿನಲ್ಲಿ ನಡೆಯುವ ವಿಜ್ಞಾನ ಶಿಬಿರಗಳೇ ಆ ಕ್ಷೇತ್ರ. ಅಂತರ್ಜಾಲದ ಮೂಲಕ ದೊರೆಯುವ ಬೋಧನೋಪಕರಣಗಳಿಗೆ ಅಲ್ಲಿ ಯಾವ ಸ್ಥಾನ ಸಲ್ಲತಕ್ಕದ್ದು ಎಂಬುದೇ ಪ್ರಶ್ನೆ.

ಮೊದಲು ಇಂಥ ಶಿಬಿರಗಳ ಪ್ರಯೋಜನವೇನೆಂಬುದನ್ನು ಗೊತ್ತುಮಾಡಿಕೊಳ್ಳುವುದು ಅವಶ್ಯಕ. ಶಾಲೆಯ ವರ್ಷವು ಪಾಠಪಟ್ಟಿಗೂ ಪರೀಕ್ಷೆಗೂ ಬದ್ಧವಾದದ್ದು. ಅಲ್ಲಿ ಪ್ರಯೋಗವೆಂಬುದು ಉತ್ತರವು ಮೊದಲೇ ತಿಳಿದಿರುವ ಒಂದು ವಿಧಿ; ಗುರುತ್ವದ ವೇಗೋತ್ಕರ್ಷವು ಎಷ್ಟು ಬರಬೇಕೆಂಬುದನ್ನು ಅರಿತ ವಿದ್ಯಾರ್ಥಿಯು ಅಷ್ಟೇ ಬರುವಂತೆ ಬರೆದುಕೊಳ್ಳುವುದು ಅಧ್ಯಾಪಕರಾದ ನಮಗೆ ಹೊಸ ಸಂಗತಿಯೇನೂ ಅಲ್ಲ. ಬೇಸಗೆಯ ಶಿಬಿರದಲ್ಲಿಯಾದರೋ ಪರೀಕ್ಷೆಯಿಲ್ಲ, ಅಂಕಗಳಿಲ್ಲ. ಹದಿನಾರು ಹದಿನೇಳು ವರ್ಷದ ಬಾಲಕನೋ ಬಾಲಕಿಯೋ ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಸಂಖ್ಯೆಯನ್ನು ತಾನೇ ಅಳೆದು, ಅದರಲ್ಲಿ ತಪ್ಪೆಷ್ಟಿರಬಹುದೆಂದು ತಾನೇ ಎಣಿಸಿ, ಅದಕ್ಕೆ ತಾನೇ ಹೊಣೆಯಾಗುವುದು ಅಲ್ಲಿ ಸಾಧ್ಯವಾಗುತ್ತದೆ. ಈ ಹೊಣೆಗಾರಿಕೆಯೇ ಶಿಬಿರದ ಸಾರವೆಂದು ನಮ್ಮ ಅಭಿಪ್ರಾಯ. ಉಳಿದದ್ದನ್ನೆಲ್ಲ ಪುಸ್ತಕದಿಂದಲೂ ಕಲಿಯಬಹುದು. ಆದಕಾರಣ ಯಾವ ಉಪಕರಣವನ್ನಾದರೂ ಈ ಒಂದು ಒರೆಗಲ್ಲಿಗೆ ಹಚ್ಚಿ ನೋಡುವುದೇ ನ್ಯಾಯ.

ನಿದರ್ಶನಕ್ಕಾಗಿ ಅಮೆರಿಕದ ‘ಸಮ್ಮರ್ ಸೈನ್ಸ್ ಪ್ರೋಗ್ರಾಂ’ ಎಂಬ ಕಾರ್ಯಕ್ರಮವನ್ನು ತೆಗೆದುಕೊಳ್ಳೋಣ. ೧೯೫೭ರಲ್ಲಿ ಸೋವಿಯತ್ ದೇಶವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ತರುವಾಯ ಅಮೆರಿಕದಲ್ಲಿ ವಿಜ್ಞಾನ ಶಿಕ್ಷಣವನ್ನು ಕುರಿತು ಉಂಟಾದ ಕಳವಳದ ದಿನಗಳಲ್ಲಿ, ೧೯೫೯ರ ಬೇಸಗೆಯಲ್ಲಿ, ಕ್ಯಾಲಿಫೋರ್ನಿಯದ ಓಹಾಯ್ ಎಂಬ ಊರಿನ ಥ್ಯಾಚರ್ ಶಾಲೆಯಲ್ಲಿ ಇದು ಆರಂಭವಾಯಿತು. ಪ್ರೌಢಶಾಲೆಯ ಕೊನೆಯ ವರ್ಷಕ್ಕೆ ಇನ್ನೇನು ಕಾಲಿಡಲಿರುವ ವಿದ್ಯಾರ್ಥಿಗಳನ್ನು ಆರಿಸಿ, ಹಲವು ವಾರಗಳ ಕಾಲ ಒಂದೇ ಕಡೆ ಇರಿಸಿಕೊಂಡು, ಅವರಿಗೆ ಒಂದೇ ಒಂದು ದೊಡ್ಡ ಕೆಲಸವನ್ನು ಒಪ್ಪಿಸುವುದು ಅದರ ಪದ್ಧತಿ. ಸೂರ್ಯನನ್ನು ಸುತ್ತುವ ಒಂದು ಕ್ಷುದ್ರಗ್ರಹವನ್ನು ದೂರದರ್ಶಕದಲ್ಲಿ ಹುಡುಕಿ, ಅದರ ಚಿತ್ರಗಳನ್ನು ತೆಗೆದು, ಅದರ ಕಕ್ಷೆಯನ್ನು ಕಂಡುಹಿಡಿಯುವುದೇ ಆ ಕೆಲಸ. ಇಂದು ಈ ಕಾರ್ಯಕ್ರಮವು ಹಲವು ವಿಶ್ವವಿದ್ಯಾಲಯಗಳ ಆವರಣಗಳಲ್ಲಿ ನಡೆಯುತ್ತದೆ. ಜೀವರಸಾಯನಶಾಸ್ತ್ರ ಮೊದಲಾದ ವಿಷಯಗಳೂ ಅದರಲ್ಲಿ ಸೇರಿವೆ. ಆದರೆ ಕ್ಷುದ್ರಗ್ರಹದ ಕೆಲಸ ಮಾತ್ರ ನಿಂತಿಲ್ಲ.

ಈ ಕೆಲಸಕ್ಕೆ ಒಂದು ಪೂರ್ವೇತಿಹಾಸವಿದೆ. ೧೮೦೧ರ ಜನವರಿ ೧ರಂದು ಪಲೆರ್ಮೋ ನಗರದಲ್ಲಿ ಜುಸೆಪ್ಪೆ ಪಿಯಾಟ್ಸಿಯು ಸೀರಿಸ್ ಎಂಬ ಆಕಾಶಕಾಯವನ್ನು ಕಂಡನು. ಫೆಬ್ರವರಿ ೧೧ರ ವರೆಗೆ ಅದನ್ನು ಹಿಂಬಾಲಿಸಿದ ಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಆ ಅಲ್ಪಾವಧಿಯ ಅಳತೆಗಳಿಂದಲೇ ಕಾರ್ಲ್ ಫ್ರೀಡ್ರಿಕ್ ಗೌಸನು ತನ್ನ ೨೪ನೆಯ ವಯಸ್ಸಿನಲ್ಲಿ ಅದರ ಕಕ್ಷೆಯನ್ನು ಗಣಿಸಿ, ಅದು ಎಲ್ಲಿ ಮತ್ತೆ ಕಾಣಿಸಿಕೊಳ್ಳಬೇಕೆಂಬುದನ್ನು ಹೇಳಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಫಾನ್ ಜಾಕನು ಹುಡುಕಿದಾಗ ಅದು ಆ ಮಾತಿಗೆ ಅನುಗುಣವಾಗಿಯೇ ಸಿಕ್ಕಿತು. ಕಕ್ಷೆಯೊಂದರ ಆಕಾರವನ್ನೂ, ಗಾತ್ರವನ್ನೂ, ಆಕಾಶದಲ್ಲಿ ಅದರ ಓಲನ್ನೂ, ಕಾಯವು ಅದರಲ್ಲಿ ಇರುವ ಎಡೆಯನ್ನೂ ಹೇಳಲು ಆರು ಸಂಖ್ಯೆಗಳು ಬೇಕು. ಒಂದೊಂದು ದರ್ಶನದಿಂದ ಎರಡೆರಡು ಕೋನಗಳು ದೊರೆಯುತ್ತವೆಯಾದ್ದರಿಂದ ಕನಿಷ್ಠ ಮೂರು ರಾತ್ರಿಗಳ ದರ್ಶನ ಅವಶ್ಯಕ. ಶಿಬಿರದ ವಿದ್ಯಾರ್ಥಿಗಳು ಇಂದಿಗೂ ಗೌಸನ ವಿಧಾನವನ್ನೇ ಅನುಸರಿಸುತ್ತಾರೆ. ಇನ್ನೂರು ವರ್ಷಗಳ ಹಿಂದಿನ ಆ ತರುಣನ ಹೆಜ್ಜೆಯ ಮೇಲೆ ಹೆಜ್ಜೆಯಿಡುವುದರಲ್ಲಿ ಒಂದು ಬಗೆಯ ದೀಕ್ಷೆಯಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಈಗ ಉಪಕರಣಗಳ ವಿಷಯಕ್ಕೆ ಬರೋಣ. ಈ ಕಾರ್ಯಕ್ರಮದ ಆರಂಭದ ವರ್ಷಗಳಲ್ಲಿ ಆಕಾಶದ ಚಿತ್ರಗಳು ಗಾಜಿನ ಛಾಯಾಫಲಕಗಳ ಮೇಲೆ ಮೂಡುತ್ತಿದ್ದುವು. ಲೆಕ್ಕಗಳು ಯಾಂತ್ರಿಕ ಗಣಕಗಳ ಮೇಲೆ ನಡೆಯುತ್ತಿದ್ದುವು. ಮುಂದೆ ಫಲಕದ ಜಾಗದಲ್ಲಿ ವಿದ್ಯುದ್ಗ್ರಾಹಕವೂ, ಯಾಂತ್ರಿಕ ಗಣಕದ ಜಾಗದಲ್ಲಿ ವಿದ್ಯುನ್ಮಾನ ಗಣಕಯಂತ್ರವೂ ಬಂದುವು. ಇದರಿಂದ ಶಿಬಿರದ ಸಾರಕ್ಕೆ ಹಾನಿಯಾಯಿತೇ? ಆಗಲಿಲ್ಲವೆಂದೇ ಹೇಳಬೇಕು. ಗುಣಾಕಾರ ಭಾಗಾಕಾರಗಳ ಬೇಸರವನ್ನು ಯಂತ್ರವು ಹೊತ್ತುಕೊಂಡಿತು. ಆದರೆ ಯಾವುದನ್ನು ಯಾವುದರಿಂದ ಗುಣಿಸಬೇಕೆಂಬ ಯೋಜನೆಯನ್ನು ವಿದ್ಯಾರ್ಥಿಯೇ ಬರೆಯಬೇಕಾಯಿತು. ಕಕ್ಷೆಯನ್ನು ಗಣಿಸುವ ಕ್ರಮವಿಧಿಯನ್ನು ಸ್ವಂತವಾಗಿ ಬರೆಯುವುದು ಇಂದು ಆ ಶಿಬಿರದ ಮುಖ್ಯವಾದ ಅಂಗ. ಶ್ರಮವು ಯಂತ್ರದ ಪಾಲಿಗೆ ಹೋಯಿತು, ತೀರ್ಮಾನವು ವಿದ್ಯಾರ್ಥಿಯ ಪಾಲಿಗೆ ಉಳಿಯಿತು. ಶ್ರಮ ಮತ್ತು ತೀರ್ಮಾನ, ಇವೆರಡರ ಭೇದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ. ಮುಂದಿನ ವಾದವೆಲ್ಲ ಅದರ ಮೇಲೆಯೇ ನಿಂತಿದೆ.

ಅಂತರ್ಜಾಲದ ಉಪಕರಣಗಳು ಬಂದಮೇಲೆ ಸಂದರ್ಭವು ಸೂಕ್ಷ್ಮವಾಗಿ ಮಾರ್ಪಟ್ಟಿತು. ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯವು ನಡೆಸುವ ‘ಹೊರೈಜನ್ಸ್’ ಎಂಬ ಸೇವೆಯಿದೆ. ಗೊತ್ತಿರುವ ಕ್ಷುದ್ರಗ್ರಹಗಳಲ್ಲಿ ಯಾವುದೊಂದರ ಹೆಸರನ್ನು ಕೊಟ್ಟರೂ ಅದು ಇಂತಹ ದಿನ, ಇಂತಹ ಹೊತ್ತಿನಲ್ಲಿ, ಭೂಮಿಯ ಇಂತಹ ಸ್ಥಳದಿಂದ ಎಲ್ಲಿ ಕಾಣುವುದೆಂಬುದನ್ನು ಆ ಸೇವೆಯು ಯಾರಿಗಾದರೂ ಉಚಿತವಾಗಿ ತಿಳಿಸುತ್ತದೆ. ಕಕ್ಷೆಯ ಆರು ಸಂಖ್ಯೆಗಳನ್ನೂ ಕೊಡುತ್ತದೆ. ‘ಆಸ್ಟ್ರೋಮೆಟ್ರಿ ಡಾಟ್ ನೆಟ್’ ಎಂಬ ಇನ್ನೊಂದು ಸೇವೆಗೆ ಆಕಾಶದ ಚಿತ್ರವೊಂದನ್ನು ಒಪ್ಪಿಸಿದರೆ, ಅದರಲ್ಲಿನ ನಕ್ಷತ್ರಗಳ ವಿನ್ಯಾಸವನ್ನು ಗುರುತಿಸಿ, ಅದು ಆಕಾಶದ ಯಾವ ಭಾಗವೆಂಬುದನ್ನು ತಾನಾಗಿಯೇ ಹೇಳುತ್ತದೆ. ಗೌಸನ ದಿನಗಳಲ್ಲಿ ಒಬ್ಬ ವಿದ್ವಾಂಸನ ತಿಂಗಳುಗಳನ್ನು ನುಂಗುತ್ತಿದ್ದ ಕೆಲಸ ಇವುಗಳಿಂದ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಇವು ಮಾನವನ ಬುದ್ಧಿಯ ದೊಡ್ಡ ಸಾಧನೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿ ಯಂತ್ರದ ಪಾಲಿಗೆ ಹೋದದ್ದು ಬರಿಯ ಶ್ರಮವಲ್ಲ. ತೀರ್ಮಾನವೂ ಅದರೊಡನೆ ಹೊರಟುಹೋಗುವ ಸಂಭವವಿದೆ.

ಈ ಮಾತನ್ನು ಸ್ವಲ್ಪ ವಿವರಿಸಬೇಕು. ಶಿಬಿರದಲ್ಲಿ ಹುಡುಗಿಯೊಬ್ಬಳು ಮೂರು ರಾತ್ರಿ ನಿದ್ದೆಗೆಟ್ಟು, ಮೋಡ ಸರಿಯುವುದನ್ನು ಕಾದು, ಚಿತ್ರ ತೆಗೆದಿದ್ದಾಳೆಂದು ಭಾವಿಸೋಣ. ಸುತ್ತಲಿನ ಗೊತ್ತಾದ ನಕ್ಷತ್ರಗಳಿಗೆ ಹೋಲಿಸಿ, ಕನಿಷ್ಠ ವರ್ಗಗಳ ವಿಧಾನದಿಂದ ಆ ಮಸುಕಾದ ಚುಕ್ಕೆಯ ಸ್ಥಾನವನ್ನು ಅವಳು ನಿರ್ಣಯಿಸಬೇಕು. ಚುಕ್ಕೆಯ ನಡು ಯಾವುದು, ಹತ್ತಿರದ ನಕ್ಷತ್ರದ ಬೆಳಕು ಅದರೊಡನೆ ಬೆರೆತಿದೆಯೇ, ಎರಡನೆಯ ರಾತ್ರಿಯ ಚಿತ್ರವನ್ನು ನಂಬಬಹುದೇ ಎಂಬ ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ. ಈ ಹೊತ್ತಿನಲ್ಲಿ ಹೊರೈಜನ್ಸ್ ಸೇವೆಯ ಸಂಖ್ಯೆಯು ಪಕ್ಕದ ಪರದೆಯ ಮೇಲೆ ಇದ್ದರೆ, ತನ್ನ ಸಂಖ್ಯೆಯು ಅದಕ್ಕೆ ಹೊಂದದಿದ್ದಾಗ ಅವಳು ಏನು ಮಾಡುವಳು? ಎರಡನೆಯ ರಾತ್ರಿಯ ಚಿತ್ರವನ್ನು ಕೈಬಿಡುವಳು, ಸಂಖ್ಯೆ ಹೊಂದುವುದು. ಅವಳು ಸುಳ್ಳು ಹೇಳಿದಳೆಂದು ಯಾರೂ ಹೇಳಲಾರರು. ಆದರೆ ಆ ಚಿತ್ರವನ್ನು ಬಿಟ್ಟದ್ದಕ್ಕೆ ಕಾರಣ ಚಿತ್ರದ ದೋಷವಲ್ಲ, ಉತ್ತರದ ಒತ್ತಾಯ. ಶಾಲೆಯ ಪ್ರಯೋಗಶಾಲೆಯಲ್ಲಿ ನಾವು ಕಂಡ ಹಳೆಯ ರೋಗವೇ ಹೊಸ ಉಡುಪಿನಲ್ಲಿ ಶಿಬಿರವನ್ನು ಹೊಕ್ಕಂತಾಯಿತು.

ಹಾಗಾದರೆ ಇಂಥ ಸೇವೆಗಳನ್ನು ಶಿಬಿರದಿಂದ ಹೊರಗಿಡಬೇಕೆಂದು ಹೇಳಿದಂತಾಗುತ್ತದೆಯೇ? ಇಲ್ಲ. ಕ್ಷುದ್ರಗ್ರಹವು ಆ ರಾತ್ರಿ ಎಲ್ಲಿರುವುದೆಂಬ ಮುನ್ಸೂಚನೆಯಿಲ್ಲದೆ ದೂರದರ್ಶಕವನ್ನು ತಿರುಗಿಸುವುದಾದರೂ ಎತ್ತ? ಫಾನ್ ಜಾಕನಿಗೂ ಗೌಸನ ಸೂಚನೆ ಬೇಕಾಯಿತು. ಎಲ್ಲಿ ನೋಡಬೇಕೆಂದು ಹೇಳುವುದು ಒಂದು ಕೆಲಸ. ಅಲ್ಲಿ ಏನು ಕಂಡಿತೆಂದು ಹೇಳುವುದು ಬೇರೊಂದು ಕೆಲಸ. ಮೊದಲನೆಯದನ್ನು ಉಪಕರಣವು ಮಾಡಲಿ. ಎರಡನೆಯದನ್ನು ವಿದ್ಯಾರ್ಥಿಯು ಮಾಡಿ, ಬರೆದು, ಸಹಿ ಹಾಕಿ ಮುಗಿಸಿದ ಬಳಿಕ ಅದೇ ಉಪಕರಣವು ಪರೀಕ್ಷಕನಾಗಿ ಬರಲಿ. ಆಗ ಎರಡು ಸಂಖ್ಯೆಗಳಿಗೆ ನಡುವಿನ ಅಂತರವು ಅವಮಾನವಾಗದೆ ಪಾಠವಾಗುತ್ತದೆ. ಉಪಕರಣ ಅದೇ, ಅದು ಬಂದ ಹೊತ್ತು ಮಾತ್ರ ಬೇರೆ. ಈ ಹೊತ್ತಿನ ವಿವೇಕವನ್ನು ಯಾವ ಉಪಕರಣವೂ ತನ್ನೊಡನೆ ತರುವುದಿಲ್ಲ, ಅದು ಅಧ್ಯಾಪಕನದು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎತ್ತಬಹುದು. ನಿಜವಾದ ದೋಷವಿರುವುದು ದೂರದಲ್ಲಿಯೇ ಎಂದೂ, ವಸ್ತುವನ್ನು ಕೈಯಿಂದ ಮುಟ್ಟದೆ ಪರದೆಯ ಮೇಲೆ ನೋಡುವ ವಿದ್ಯೆಯು ವಿದ್ಯೆಯೇ ಅಲ್ಲವೆಂದೂ ಕೆಲವರು ಹೇಳುತ್ತಾರೆ. ೨೦೨೦ರ ಮಹಾಮಾರಿಯ ಕಾಲದಲ್ಲಿ ಶಿಬಿರಗಳು ಮನೆಮನೆಯ ಪರದೆಗಳಿಗೆ ಸರಿದಾಗ ಈ ಮಾತು ಬಹುವಾಗಿ ಕೇಳಿಬಂದಿತು. ನಮಗೆ ಇದು ಪೂರ್ತಿಯಾಗಿ ಸಮ್ಮತವಲ್ಲ. ಕಾರಣಗಳು ಎರಡು.

ಮೊದಲನೆಯದಾಗಿ, ವಿಜ್ಞಾನಿಗಳೇ ಇಂದು ದೂರದಿಂದ ಕೆಲಸ ಮಾಡುತ್ತಾರೆ. ಇದಕ್ಕೆ ನಿದರ್ಶನವನ್ನು ನಾವು ಬಹು ದೂರ ಹುಡುಕಬೇಕಾಗಿಲ್ಲ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು ೪೫೦೦ ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ಸಂಸ್ಥೆಯ ೨ ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವವರು ಕುಳಿತಿರುವುದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ. ಉಪಗ್ರಹದ ಮೂಲಕ ಆಜ್ಞೆಗಳು ಹೋಗುತ್ತವೆ, ಚಿತ್ರಗಳು ಬರುತ್ತವೆ. ಹೊಸಕೋಟೆಯಲ್ಲಿ ಕುಳಿತವರು ಆಕಾಶವನ್ನು ನೋಡುತ್ತಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಯಾವುದನ್ನು ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಬಂದ ಚಿತ್ರವನ್ನು ನಂಬಬೇಕೇ ಬೇಡವೇ ಎಂಬ ತೀರ್ಮಾನವೆಲ್ಲ ಅವರದೇ.

ಎರಡನೆಯದಾಗಿ, ಕೃತಕವಾದ ಪ್ರಯೋಗವು ನಿಜವಾದ ಪ್ರಯೋಗಕ್ಕಿಂತ ಚೆನ್ನಾಗಿ ಕಲಿಸಿದ ಸಂದರ್ಭಗಳೂ ಉಂಟು. ೨೦೦೧ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಭೌತವಿಜ್ಞಾನಿ ಕಾರ್ಲ್ ವೀಮನ್ನರು ೨೦೦೨ರಲ್ಲಿ ಕೊಲೊರಾಡೋ ವಿಶ್ವವಿದ್ಯಾಲಯದಲ್ಲಿ ‘ಫೆಟ್’ ಎಂಬ ಯೋಜನೆಯನ್ನು ಆರಂಭಿಸಿದರು. ವಿದ್ಯುನ್ಮಂಡಲ, ಅಲೆ, ಅನಿಲ ಮೊದಲಾದವುಗಳ ಚಲಿಸುವ ಮಾದರಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುವುದು ಅದರ ಕಾರ್ಯ; ಅವುಗಳಲ್ಲಿ ಕೆಲವು ಕನ್ನಡದಲ್ಲಿಯೂ ದೊರೆಯುತ್ತವೆ. ಅಲ್ಲಿಯ ಸಂಶೋಧಕರು ೨೦೦೫ರಲ್ಲಿ ಒಂದು ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಕಾಲೇಜಿನ ವಿದ್ಯಾರ್ಥಿಗಳಲ್ಲಿ ಒಂದು ಗುಂಪು ನಿಜವಾದ ತಂತಿ ಬಲ್ಬುಗಳಿಂದಲೂ, ಇನ್ನೊಂದು ಗುಂಪು ಪರದೆಯ ಮೇಲಿನ ಮಾದರಿಯಿಂದಲೂ ವಿದ್ಯುನ್ಮಂಡಲಗಳನ್ನು ಕಲಿತರು. ಆಮೇಲೆ ಎಲ್ಲರಿಗೂ ನಿಜವಾದ ತಂತಿ ಬಲ್ಬುಗಳನ್ನೇ ಕೊಟ್ಟು ಮಂಡಲವನ್ನು ಕಟ್ಟಿ ವಿವರಿಸಲು ಹೇಳಿದಾಗ, ಮಾದರಿಯಿಂದ ಕಲಿತವರೇ ಮೇಲಾದರು. ತಂತಿಯಲ್ಲಿ ಕಣ್ಣಿಗೆ ಕಾಣದ ಎಲೆಕ್ಟ್ರಾನುಗಳ ಹರಿವು ಆ ಮಾದರಿಯಲ್ಲಿ ಕಾಣುತ್ತಿದ್ದುದು ಇದಕ್ಕೆ ಒಂದು ಕಾರಣವಿರಬೇಕು. ಕೈಯಿಂದ ಮುಟ್ಟಿದ್ದೆಲ್ಲ ಮನಸ್ಸನ್ನು ಮುಟ್ಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ.

ಆದರೆ ಈ ಸಾಕ್ಷ್ಯದ ಮೇರೆಯನ್ನೂ ನಾವು ಅರಿಯಬೇಕು. ಆ ಮಾದರಿಯು ಕಲಿಸಿದ್ದು ಒಂದು ತತ್ತ್ವವನ್ನು. ತತ್ತ್ವವು ಮೊದಲೇ ಸಿದ್ಧವಾಗಿತ್ತು. ಬರಿಯ ತತ್ತ್ವವನ್ನು ತಿಳಿಸುವುದಕ್ಕೆ ಬೇಸಗೆಯ ಶಿಬಿರವೇ ಬೇಕೆಂದಿಲ್ಲ. ಮಾದರಿಯಲ್ಲಿ ತಂತಿ ಸಡಿಲವಾಗುವುದು, ಬಲ್ಬು ಹಳತಾಗುವುದು ಯಾರಾದರೂ ಹಾಗೆಂದು ಅದರಲ್ಲಿ ಸೇರಿಸಿದ್ದರೆ ಮಾತ್ರ. ಅದನ್ನು ರಚಿಸಿದವರಿಗೆ ತಿಳಿಯದ ಯಾವುದೂ ಅದರೊಳಗಿಲ್ಲ. ಪ್ರಕೃತಿಯಾದರೋ ಹಾಗಲ್ಲ.

ಹಾಗಾದರೆ ಪರದೆಯ ಮೇಲೆಯೇ ನಡೆದು, ರಚಿಸಿದವರಿಗೂ ಉತ್ತರ ತಿಳಿಯದ ಕೆಲಸವೊಂದು ಉಂಟೇ? ಉಂಟು. ಪಶ್ಚಿಮ ವರ್ಜೀನಿಯದ ಗ್ರೀನ್ ಬ್ಯಾಂಕಿನಲ್ಲಿ ೧೦೦ ಮೀಟರ್ ವ್ಯಾಸದ ರೇಡಿಯೋ ದೂರದರ್ಶಕವಿದೆ. ಅದು ಸಂಗ್ರಹಿಸಿದ ದತ್ತಾಂಶದ ಒಂದು ಭಾಗವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆಂದೇ ಮೀಸಲಾಗಿಟ್ಟು, ಅದರಲ್ಲಿ ಪಲ್ಸಾರುಗಳನ್ನು ಹುಡುಕಲು ಅವರಿಗೆ ಅವಕಾಶ ಕೊಡುವ ‘ಪಲ್ಸಾರ್ ಸರ್ಚ್ ಕೊಲಾಬರೇಟರಿ’ ಎಂಬ ಯೋಜನೆಯನ್ನು ಅಲ್ಲಿಯ ವೀಕ್ಷಣಾಲಯವೂ ಪಶ್ಚಿಮ ವರ್ಜೀನಿಯ ವಿಶ್ವವಿದ್ಯಾಲಯವೂ ಕೂಡಿ ಆರಂಭಿಸಿದುವು. ಆರಂಭದ ವರ್ಷಗಳಲ್ಲಿ ಅಧ್ಯಾಪಕರೂ ಕೆಲವರು ವಿದ್ಯಾರ್ಥಿಗಳೂ ಬೇಸಗೆಯಲ್ಲಿ ಗ್ರೀನ್ ಬ್ಯಾಂಕಿಗೆ ಬಂದು ತರಬೇತಿ ಪಡೆಯುತ್ತಿದ್ದರು. ಹಿಂದಿರುಗಿದ ಮೇಲೆ ತಂತಮ್ಮ ಊರುಗಳಿಂದ ಅಂತರ್ಜಾಲದ ಮೂಲಕ ಹುಡುಕಾಟವನ್ನು ಮುಂದುವರಿಸುತ್ತಿದ್ದರು. ೧೯೫೮ರಿಂದಲೂ ಗ್ರೀನ್ ಬ್ಯಾಂಕಿನ ಸುತ್ತಣ ಪ್ರದೇಶವು ರೇಡಿಯೋ ಮೌನದ ವಲಯ. ನಿಸ್ತಂತು ಸಾಧನಗಳ ಬಳಕೆಗೆ ಅಲ್ಲಿ ಕಟ್ಟುಪಾಡುಗಳಿವೆ. ಸದ್ದಿಲ್ಲದ ಊರಿನಲ್ಲಿ ಆಲಿಸುವುದನ್ನು ಕಲಿತು, ಸದ್ದಿನ ಊರುಗಳಿಗೆ ಹೋಗಿ ಆ ಕೆಲಸವನ್ನು ಮಾಡುವ ಏರ್ಪಾಡು ಇದು.

ಆ ಕೆಲಸದ ಸ್ವರೂಪವು ಗಮನಾರ್ಹವಾದದ್ದು. ೧೯೬೭ರಲ್ಲಿ ಕೇಂಬ್ರಿಜ್ಜಿನಲ್ಲಿ ಸಂಶೋಧನ ವಿದ್ಯಾರ್ಥಿನಿಯಾಗಿದ್ದ ಜಾಸೆಲಿನ್ ಬೆಲ್ಲರು ಉದ್ದುದ್ದನೆಯ ಕಾಗದದ ಸುರುಳಿಗಳ ಮೇಲಿನ ಗೆರೆಗಳನ್ನು ಕಣ್ಣಿಂದಲೇ ಪರಿಶೀಲಿಸುತ್ತಿದ್ದಾಗ, ಬೇರೆಯವರು ಗದ್ದಲವೆಂದು ತಳ್ಳಿಬಿಡಬಹುದಾಗಿದ್ದ ಒಂದು ಸಣ್ಣ ಗುರುತನ್ನು ತಳ್ಳದೆ ಹಿಂಬಾಲಿಸಿದುದರಿಂದ ಮೊದಲ ಪಲ್ಸಾರ್ ದೊರೆಯಿತು. ಈ ವಿದ್ಯಾರ್ಥಿಗಳ ಮುಂದೆಯೂ ಅಂಥದೇ ಪ್ರಶ್ನೆ. ಗಣಕಯಂತ್ರವು ಮಾಡಬೇಕಾದ ಶ್ರಮವನ್ನೆಲ್ಲ ಮಾಡಿ, ಅನುಮಾನಾಸ್ಪದವಾದ ಸಂಕೇತಗಳ ರೇಖಾಚಿತ್ರಗಳನ್ನು ಮುಂದಿಡುತ್ತದೆ. ಅವುಗಳಲ್ಲಿ ಬಹುಪಾಲು ಮನುಷ್ಯನೇ ಉಂಟುಮಾಡಿದ ರೇಡಿಯೋ ಗದ್ದಲ. ಕೆಲವು ಮೊದಲೇ ತಿಳಿದ ಪಲ್ಸಾರುಗಳು. ಎಲ್ಲೋ ಅಪೂರ್ವವಾಗಿ ಒಂದು ಹೊಸದು. ಇದು ಯಾವುದು ಎಂದು ವಿದ್ಯಾರ್ಥಿಯೇ ಹೇಳಬೇಕು. ಒಂದೇ ಚಿತ್ರವನ್ನು ಅನೇಕರು ಬೇರೆ ಬೇರೆಯಾಗಿ ನೋಡುವುದರಿಂದ ಒಬ್ಬರ ತಪ್ಪು ಇನ್ನೊಬ್ಬರಿಂದ ತಿದ್ದಲ್ಪಡುತ್ತದೆ. ಹೀಗೆ ನೋಡಿದ ಶಾಲಾ ವಿದ್ಯಾರ್ಥಿಗಳು ಹೊಸ ಪಲ್ಸಾರುಗಳನ್ನು ನಿಜವಾಗಿಯೂ ಪತ್ತೆಹಚ್ಚಿದ್ದಾರೆ. ಇಲ್ಲಿ ಉತ್ತರವು ಪಕ್ಕದ ಪರದೆಯ ಮೇಲೆ ಇರುವುದು ಸಾಧ್ಯವೇ ಇಲ್ಲ. ಏಕೆಂದರೆ ಅದು ಲೋಕದಲ್ಲಿಯೇ ಇನ್ನೂ ಎಲ್ಲಿಯೂ ಇಲ್ಲ. ಪರದೆಯು ತೀರ್ಮಾನವನ್ನು ಕಸಿದುಕೊಳ್ಳದೆ ಅದನ್ನು ಬೇಡುತ್ತದೆ.

ಈ ಮೂರು ನಿದರ್ಶನಗಳನ್ನು ಒಟ್ಟಿಗೆ ನೋಡಿದರೆ ಸಮೀಪ ಮತ್ತು ದೂರ, ಕೈ ಮತ್ತು ಪರದೆ ಎಂಬ ಭೇದಗಳು ಎರಡನೆಯ ದರ್ಜೆಯವೆಂದು ಸ್ಪಷ್ಟವಾಗುತ್ತದೆ. ವಿದ್ಯಾರ್ಥಿಯು ತನ್ನ ತೀರ್ಮಾನವನ್ನು ಹೇಳುವುದಕ್ಕೆ ಮುಂಚೆ ಉತ್ತರವು ಅವನ ಕಣ್ಣೆದುರಿಗೆ ಬರುತ್ತದೆಯೇ, ಹೇಳಿದ ಬಳಿಕ ಬರುತ್ತದೆಯೇ ಎಂಬುದೇ ಮುಖ್ಯವಾದ ಭೇದ.

ಈ ಭೇದವು ಕೇವಲ ಬೋಧನಕ್ರಮಕ್ಕೆ ಸಂಬಂಧಿಸಿದ್ದಲ್ಲ, ನ್ಯಾಯಕ್ಕೂ ಸಂಬಂಧಿಸಿದ್ದು. ವಾರಗಟ್ಟಲೆ ಒಂದೆಡೆ ಇದ್ದು ನಡೆಸುವ ಶಿಬಿರಗಳಲ್ಲಿ ಸ್ಥಳವು ಅತ್ಯಲ್ಪ. ಅರ್ಜಿ ಹಾಕಿದವರಲ್ಲಿ ಸ್ವಲ್ಪ ಮಂದಿಗೆ ಮಾತ್ರ ಪ್ರವೇಶ. ಅರ್ಜಿ ಹಾಕಬಹುದೆಂಬುದೇ ತಿಳಿಯದವರು ಅವರಿಗಿಂತ ಎಷ್ಟೋ ಪಾಲು ಹೆಚ್ಚು. ಈ ಮಿಕ್ಕವರಿಗಾಗಿ ಅಂತರ್ಜಾಲವಿದೆಯೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆ ಸಮಾಧಾನದಲ್ಲಿ ಹುರುಳಿಲ್ಲದೆ ಇಲ್ಲ. ದೂರದರ್ಶಕವನ್ನು ಎಂದೂ ಕಾಣದ ಊರಿನ ಹುಡುಗನಿಗೆ ಪರದೆಯೇ ವೀಕ್ಷಣಾಲಯದ ಬಾಗಿಲು. ಆದರೆ ಆ ಬಾಗಿಲಿನಲ್ಲಿ ನಾವು ಅವನಿಗೆ ಕೊಡುತ್ತಿರುವುದೇನು? ಶಿಬಿರಕ್ಕೆ ಬಂದ ಕೆಲವರಿಗೆ ಪ್ರಶ್ನೆಯನ್ನೂ, ಪರದೆಯ ಮುಂದಿನ ಬಹುಮಂದಿಗೆ ಉತ್ತರವನ್ನೂ ಹಂಚಿದರೆ, ಎರಡು ಜಾತಿಯ ವಿದ್ಯಾರ್ಥಿಗಳನ್ನು ನಾವೇ ನಿರ್ಮಿಸಿದಂತಾಗುತ್ತದೆ. ಒಬ್ಬನು ಸಂಖ್ಯೆಯೊಂದನ್ನು ಅನುಮಾನಿಸಬಲ್ಲನು. ಇನ್ನೊಬ್ಬನು ಅದನ್ನು ಸ್ವೀಕರಿಸಬಲ್ಲನು ಅಷ್ಟೆ. ಯಾವ ಪ್ರಶ್ನೆಗಾದರೂ ನಯವಾದ ಭಾಷೆಯಲ್ಲಿ ಒಡನೆಯೇ ಉತ್ತರ ಹೇಳುವ ಯಂತ್ರಗಳು ಪ್ರತಿಯೊಬ್ಬರ ಕೈಗೂ ಬರುತ್ತಿರುವ ಈ ದಿನಗಳಲ್ಲಿ, ಅನುಮಾನಿಸುವ ಶಕ್ತಿಯು ಕೆಲವರ ಸೊತ್ತಾಗಿ ಉಳಿಯುವುದು ಸಣ್ಣ ಅನರ್ಥವಲ್ಲ.

ಆದ್ದರಿಂದ ಇಂಥ ಶಿಬಿರಗಳನ್ನು ಏರ್ಪಡಿಸುವ ಅಧ್ಯಾಪಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಉಪಕರಣವನ್ನು ಆರಿಸುವಾಗ ಅದು ಎಷ್ಟು ತೋರಿಸುತ್ತದೆಂದು ಕೇಳುವುದರ ಜೊತೆಗೆ, ಯಾವಾಗ ತೋರಿಸುತ್ತದೆಂದೂ ಕೇಳಬೇಕು. ಪರದೆಯನ್ನು ತೆರೆಯುವುದಕ್ಕೆ ಮೊದಲು ವಿದ್ಯಾರ್ಥಿಯು ತನ್ನ ಊಹೆಯನ್ನು ಕಾಗದದ ಮೇಲೆ ಬರೆದು, ದಿನಾಂಕ ಹಾಕಬೇಕು. ಕೈಬಿಟ್ಟ ಪ್ರತಿಯೊಂದು ಅಳತೆಗೂ ಕಾರಣವನ್ನು ದಾಖಲೆ ಮಾಡಬೇಕು. ‘ಹೊಂದಲಿಲ್ಲ’ ಎಂಬುದನ್ನು ಕಾರಣವೆಂದು ಒಪ್ಪಬಾರದು. ಸಾಧ್ಯವಾದಲ್ಲೆಲ್ಲ, ಸಣ್ಣದಾದರೂ ಸರಿಯೇ, ಉತ್ತರವು ಯಾರಿಗೂ ತಿಳಿಯದ ಒಂದು ಕೆಲಸವನ್ನು ಅವನಿಗೆ ಒಪ್ಪಿಸಬೇಕು: ತನ್ನ ಊರಿನ ಕೆರೆಯ ನೀರಿನ ಮಟ್ಟವೋ, ತನ್ನ ಶಾಲೆಯ ಅಂಗಳದಲ್ಲಿ ಬಿದ್ದ ಮಳೆಯೋ ಆದೀತು. ಇವುಗಳನ್ನು ಅವನಿಗಾಗಿ ಅಳೆದಿಟ್ಟಿರುವ ಸೇವೆ ಯಾವುದೂ ಇಲ್ಲ. ಇವುಗಳಿಗೆ ಹಣ ಬೇಕಿಲ್ಲ; ಅಧ್ಯಾಪಕನ ತಾಳ್ಮೆ ಬೇಕು, ಮತ್ತು ವಿದ್ಯಾರ್ಥಿಯು ತಪ್ಪುತ್ತಿರುವುದನ್ನು ಕಂಡೂ ಒಂದು ದಿನ ಸುಮ್ಮನಿರುವ ಸಂಯಮ ಬೇಕು.

ಪಿಯಾಟ್ಸಿಯು ಸೀರಿಸನ್ನು ಕಳೆದುಕೊಂಡಾಗ ಯೂರೋಪಿನಲ್ಲಿ ಯಾರ ಬಳಿಯೂ ಅದರ ಉತ್ತರವಿರಲಿಲ್ಲ. ಗೌಸನ ಬಳಿ ಇದ್ದದ್ದು ಕೆಲವು ವಾರಗಳ ಅಳತೆಗಳು, ಅವುಗಳಲ್ಲಿನ ತಪ್ಪುಗಳು, ಮತ್ತು ತಾನು ಹೇಳಿದ ಜಾಗದಲ್ಲಿ ಅದು ಕಾಣದಿದ್ದರೆ ತನ್ನ ಮಾತು ಸುಳ್ಳಾಗುವುದೆಂಬ ಅರಿವು. ಈ ಮೂರನ್ನೂ ನಮ್ಮ ವಿದ್ಯಾರ್ಥಿಗಳಿಗೆ ಉಳಿಸಿಕೊಡುವ ಉಪಕರಣಗಳನ್ನು ನಾವು ಸಂತೋಷದಿಂದ ಸ್ವಾಗತಿಸೋಣ. ಇವುಗಳಲ್ಲಿ ಒಂದನ್ನಾದರೂ ಕಿತ್ತುಕೊಳ್ಳುವ ಉಪಕರಣವು ಎಷ್ಟೇ ಸೊಗಸಾಗಿದ್ದರೂ, ಅದನ್ನು ವಿದ್ಯಾರ್ಥಿಯು ತನ್ನ ಮಾತನ್ನು ಆಡಿ ಮುಗಿಸುವ ತನಕ ಮುಚ್ಚಿಟ್ಟಿರುವುದೇ ಲೇಸು.